ಅಳ್ಳಿನ ಡಬ್ಬಿ

ಓಡು ಕಾದಿತೋ ಇಲ್ಲವೋ ನೋಡಲು ಅವ್ವ ಒಂದೇ ಒಂದು ಜೋಳದ ಕಾಳು ಒಗೆದಳು. ಅದು ಬಿದ್ದಲ್ಲೇ ಬಿದ್ದು ಮೆಲ್ಲಗೆ ಕಂದಿತು. ‘ಇನ್ನಾ ಇಲ್ಲ’ ಅಂದಳು. ಇನ್ನೆರಡು ತೊಗರಿ ಕಟ್ಟಿಗೆ ಒಲೆಯೊಳಗೆ ಸರಿದವು. ಎರಡನೆಯ ಕಾಳು ಹೊರಳಾಡಿ ಕಪ್ಪಾಯಿತು. ಮೂರನೆಯದು ಓಡಿಗೆ ತಾಗಿದ್ದೇ ತಡ ಚಟ್ಟನೆ ಸಿಡಿದು, ಬೆಳ್ಳಗೆ ಅರಳಿ, ಹಾರಿ ಅವಳ ಸೆರಗಿನ ಮಡಿಕೆಯೊಳಗೆ ಹೋಗಿ ಕೂತಿತು. ಅದನ್ನು ಹೆಕ್ಕಿ ಒಲೆಗೇ ಹಾಕಿದಳು. ಮೊದಲ ಅಳ್ಳು ಒಲೆಯ ಪಾಲು. ಆಮೇಲೆ ಒಂದು ಹಿಡಿ ಜೋಳ ಸುರಿದು, ತುದಿಗೆ ಅರಿವಿ ಸುತ್ತಿದ ಕೋಲಿನಿಂದ ಆಡಿಸತೊಡಗಿದಳು.

ಸಿಂದಗಿ ತಾಲ್ಲೂಕಿನ ನನ್ನ ತವರುಮನೆಯ ಅಡುಗೆಮನೆ. ಪಂಚಮಿಗೆ ಇನ್ನು ಮೂರು ದಿನ. ಹೊರಗೆ ಶ್ರಾವಣದ ಜಿಟಿಜಿಟಿ. ಅಂಗಳದ ಬೇವಿನ ಗಿಡಕ್ಕೆ ಅಣ್ಣನ ಮಕ್ಕಳು ಜೋಕಾಲಿಯ ಹಗ್ಗ ಬಿಗಿದು ಮಳೆ ನಿಲ್ಲುವುದನ್ನೇ ಕಾಯುತ್ತಿದ್ದರು. ಒಳಗೆ ಓಡಿನ ಮೇಲೆ ಮೊದಲು ಬಿಡಿಬಿಡಿಯಾಗಿ ಕೇಳಿದ ಚಟಚಟ ಒಮ್ಮೆಲೆ ದಟ್ಟವಾಯಿತು. ತಗಡಿನ ಮೇಲೆ ಆಣಿಕಲ್ಲು ಬಿದ್ದ ಹಾಗೆ. ಕಾಳು ಕಾಳಾಗಿ ಕಾಣುವುದು ನಿಂತು ಓಡು ತುಂಬ ಬಿಳಿ ನೊರೆ ಎದ್ದಂತಾಯಿತು. ಅಷ್ಟರಲ್ಲಿ ಅವ್ವನ ಇನ್ನೊಂದು ಕೈ ಓಡನ್ನು ಬಾಗಿಸಿ ಮೊರಕ್ಕೆ ಸುರಿದಾಗಿತ್ತು. ಸಪ್ಪಳ ಪೂರ್ತಿ ನಿಲ್ಲುವವರೆಗೆ ಅವಳು ಕಾಯುವುದಿಲ್ಲ. ತೆಳ್ಳಗಾಗತೊಡಗಿದ ಕೂಡಲೇ ಇಳಿಸಬೇಕು. ಕೊನೆಯ ಹತ್ತು ಕಾಳಿನ ಆಸೆಗೆ ನಿಂತರೆ ಮೊದಲ ನೂರು ಕಾಳು ಹತ್ತುತ್ತವೆ.

ಈ ಐದು ನಿಮಿಷದ ಕೆಲಸಕ್ಕೆ ಹಿಂದಿನ ರಾತ್ರಿಯೇ ಕೈ ಹಚ್ಚಿದ್ದಳು. ಜೋಳಕ್ಕೆ ಬಿಸಿನೀರು ಚಿಮುಕಿಸಿ, ಎರಡೂ ಅಂಗೈಯಲ್ಲಿ ತಿಕ್ಕಿ, ಒದ್ದೆ ಅರಿವೆಯಲ್ಲಿ ಗಂಟು ಕಟ್ಟಿ ಮೂಲೆಗಿಟ್ಟಿದ್ದಳು. ಕಾಳು ಅರಳುವುದು ಅದರ ಹೊಟ್ಟೆಯೊಳಗಿನ ನೀರಿನಿಂದ. ಓಡಿನ ಕಾವಿಗೆ ಆ ನೀರು ಆವಿಯಾಗಿ ಹೊರಬರಲು ದಾರಿ ಹುಡುಕುತ್ತದೆ. ಸಿಪ್ಪೆ ಗಟ್ಟಿಯಿದ್ದರೆ ದಾರಿ ಸಿಗುವುದಿಲ್ಲ. ಒತ್ತಡ ಏರಿ ಏರಿ ಸಿಪ್ಪೆ ಒಡೆದಾಗ ಒಳಗಿನ ಹಿಟ್ಟು ಉಬ್ಬಿ ಹೂವಾಗುತ್ತದೆ. ನೀರು ಕಡಿಮೆಯಾದರೆ ಕಾಳು ಹಾಗೇ ಕರಕಾಗುತ್ತದೆ, ಹೆಚ್ಚಾದರೆ ಅರೆಬಾಯಿ ತೆರೆದು ನಿಲ್ಲುತ್ತದೆ. ಗಂಟನ್ನು ಮೂಗಿಗೆ ಹಿಡಿದು ‘ಸಾಕು’ ಎನ್ನುವುದೇ ಅವ್ವನ ಅಳತೆ.

ಎಲ್ಲ ಜೋಳವೂ ಅರಳುವುದಿಲ್ಲ. ನಮ್ಮ ಸೀಮೆಯ ಹಿಂಗಾರಿ ಹೊಲದ ತುಂಬ ಇರುವುದು ಮಾಲದಂಡಿ, ಅಂದರೆ ಎಂ 35-1. ಪಕ್ಕದ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದ ತಳಿ. ಮುತ್ತಿನಂಥ ದುಂಡು ಕಾಳು, ರೊಟ್ಟಿಗೆ ಅದನ್ನು ಮೀರಿಸಿದ್ದಿಲ್ಲ. ಆದರೆ ಓಡಿನ ಮೇಲೆ ಅದು ಮನಸ್ಸು ಬಿಚ್ಚುವುದಿಲ್ಲ. ಅಳ್ಳಿಗೆ ಬೇಕಾದದ್ದು ಸಣ್ಣ ಕಾಳಿನ, ಗಟ್ಟಿ ಹಿಟ್ಟಿನ ಅಳ್ಳಿನ ಜೋಳ. ಹಿಂದೆ ಹೊಲದ ಬದುವಿನಲ್ಲಿ ನಾಲ್ಕು ಸಾಲು ಅದಕ್ಕೇ ಮೀಸಲು, ಇನ್ನೆರಡು ಸಾಲು ಸೀತನಿಗೆ. ಎಳೆಯ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬೆಲ್ಲ ಕೊಬ್ಬರಿ ಜೊತೆ ತಿನ್ನುವ ಆ ಸುಖಕ್ಕೆ ಚಳಿಗಾಲವೇ ಬರಬೇಕು. ಈಗ ಬದುವಿನ ಆ ಸಾಲುಗಳು ಕಡಿಮೆಯಾಗಿವೆ. ಅವ್ವ ಮಾತ್ರ ಪ್ರತಿ ವರ್ಷ ಎರಡು ಸೇರು ಅಳ್ಳಿನ ಜೋಳವನ್ನು ಬೇವಿನ ಎಲೆ ಹಾಕಿ ಬೀಜಕ್ಕೆಂದು ಎತ್ತಿಡುತ್ತಾಳೆ. ಅಣ್ಣ ಬಿತ್ತದಿದ್ದರೆ ಮಾತು ಬಿಡುತ್ತಾಳೆ.

ಆ ಹೊತ್ತಿಗೆ ಬೆಂಗಳೂರಿನ ರಾತ್ರಿ ಬಸ್ಸಿನಿಂದ ಇಳಿದು ನನ್ನ ಮಗಳು ಬಂದಳು. ಕಾಲು ತೊಳೆದು ಒಳಗೆ ಬಂದವಳೇ ಆಯಿಯ ಪಕ್ಕ ಕೂತು ಬಿಸಿ ಅಳ್ಳಿಗೆ ಕೈ ಹಾಕಿದಳು. ತಾನೂ ಏನೋ ತಂದಿದ್ದೇನೆಂದು ಚೀಲದಿಂದ ಕಂದು ಬಣ್ಣದ ಪೊಟ್ಟಣ ತೆಗೆದಳು. ಗ್ರಾನೋಲಾ. ಅವಳು ಕೆಲಸ ಮಾಡುವಲ್ಲಿ ಬೆಳಗಿನ ತಿಂಡಿಗೆ ಎಲ್ಲರೂ ಅದನ್ನೇ ಮೊಸರಿಗೋ ಹಾಲಿಗೋ ಹಾಕಿಕೊಂಡು ತಿನ್ನುತ್ತಾರಂತೆ. ಅಡುಗೆ ಮಾಡಲು ಹೊತ್ತಿಲ್ಲದವರಿಗೆ ಹೊಟ್ಟೆ ತುಂಬುತ್ತದಂತೆ.

ಅವ್ವ ಅಂಗೈ ಮೇಲೆ ನಾಲ್ಕು ಚೂರು ಹಾಕಿಸಿಕೊಂಡು ಬೆಳಕಿಗೆ ಹಿಡಿದಳು. ಓಟ್ಸ್, ಬಾದಾಮಿ ಚೂರು, ಕುಂಬಳದ ಬೀಜ, ಒಣದ್ರಾಕ್ಷಿ, ಮೇಲೆ ಜೇನಿನ ಹೊಳಪು. ಅವಳ ಬಾಯಲ್ಲಿ ಈಗ ಉಳಿದಿರುವುದು ಎಣಿಸಿ ಐದು ಹಲ್ಲು. ಕಡಿಯಲಾಗದೆ ಒಂದು ಚೂರನ್ನು ದವಡೆಗಿಟ್ಟುಕೊಂಡು ಬಹಳ ಹೊತ್ತು ಚೀಪಿದಳು.

‘ಹುರಕೀ ಬರೋಬ್ಬರಿ ಬಿದ್ದೈತಿ. ಸಿಹಿ ಸ್ವಲ್ಪ ಹೆಚ್ಚು. ಇದು ನಮ್ಮ ಅಳ್ಳಿನ ಚೂಡಾದ ಅಕ್ಕನೋ ತಂಗಿನೋ ಆಗಬೇಕು ನೋಡವಾ’ ಅಂದಳು.

‘ಹಂಗಾರ ನಾವೂ ಮಾಡೋಣೇನ ಆಯಿ? ಎಲ್ಲಾ ನಮ್ಮ ಊರಾಂದ ಹಾಕಿ?’

‘ಏನೇನು ಬೇಕು ಹೇಳು.’

ಗ್ರಾನೋಲಾಕ್ಕೂ ಒಂದು ಮೂಲದ ಕಥೆಯಿದೆ, ಆ ಕಥೆಯೂ ಹಲ್ಲಿಗೆ ಸಂಬಂಧಿಸಿದ್ದೇ. 1863ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್ ಎಂಬ ಊರಿನಲ್ಲಿ ಆರೋಗ್ಯಧಾಮ ನಡೆಸುತ್ತಿದ್ದ ಜೇಮ್ಸ್ ಕೇಲಬ್ ಜಾಕ್ಸನ್ ಎಂಬ ವೈದ್ಯ ತವುಡು ತೆಗೆಯದ ಗೋಧಿ ಹಿಟ್ಟನ್ನು ಕಲಸಿ, ಬೇಯಿಸಿ, ಮುರಿದು, ಮತ್ತೊಮ್ಮೆ ಬೇಯಿಸಿ ‘ಗ್ರಾನ್ಯುಲಾ’ ಎಂದು ಹೆಸರಿಟ್ಟ. ಅದು ಎಷ್ಟು ಗಟ್ಟಿಯಿತ್ತೆಂದರೆ ರಾತ್ರಿಯೇ ಹಾಲಿನಲ್ಲಿ ನೆನೆಹಾಕಿದರೆ ಮಾತ್ರ ಬೆಳಿಗ್ಗೆ ತಿನ್ನಲು ಬರುತ್ತಿತ್ತು. ಮುಂದೆ ಮಿಷಿಗನ್ನಿನ ಬ್ಯಾಟಲ್ ಕ್ರೀಕ್‌ನ ಡಾ. ಜಾನ್ ಹಾರ್ವೆ ಕೆಲಾಗ್ ಅಂಥದ್ದೇ ಒಂದನ್ನು ಮಾಡಿ ಅದೇ ಹೆಸರಿಟ್ಟ. ತಕರಾರು ಬಂದ ಮೇಲೆ ಒಂದು ಅಕ್ಷರ ಬದಲಿಸಿ ‘ಗ್ರಾನೋಲಾ’ ಎಂದ. ಓಟ್ಸ್, ಜೇನು, ಬೀಜಗಳ ಈಗಿನ ರೂಪ ಬಂದದ್ದು ಸುಮಾರು ನೂರು ವರ್ಷದ ಮೇಲೆ, 1960ರ ದಶಕದಲ್ಲಿ. ಆ ಗಟ್ಟಿ ಧಾನ್ಯದ ಕಥೆ ಕೇಳಿ ಅವ್ವ ತಲೆಯಾಡಿಸಿದಳು. ‘ಅಳ್ಳಾದರ ನೆನೀ ಹಾಕೋ ಕೆಲಸಿಲ್ಲ’ ಅಂದಳು, ಅಷ್ಟೆ.

ಬೇಕಾದದ್ದರಲ್ಲಿ ಅರ್ಧ ಮನೆಯಲ್ಲೇ ಇತ್ತು. ಇನ್ನರ್ಧ ಆ ಮಧ್ಯಾಹ್ನ ಇಂಡಿಯಿಂದ ಬಂತು.

ಪಂಚಮಿ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ನೆನೆಯುವ ಹಬ್ಬ. ಇಂಡಿಯ ನನ್ನ ಸೋದರಮಾವನಿಗೆ ಎಪ್ಪತ್ತು ದಾಟಿದೆ. ಆದರೂ ಅಕ್ಕನಿಗೆ ತವರಿನ ಚೀಲ ತಪ್ಪಿಸಿದವನಲ್ಲ. ಆ ದಿನವೂ ಬಸ್ಸಿನಿಂದ ಇಳಿದು, ಮಳೆಯಲ್ಲಿ ಟವೆಲು ಹೊದ್ದು, ಎರಡು ಚೀಲ ಹೊತ್ತು ಬಂದ. ಒಂದರಲ್ಲಿ ಲಿಂಬೆ, ಇನ್ನೊಂದರಲ್ಲಿ ಮಣೂಕ. ನಮ್ಮ ಕಡೆ ಒಣದ್ರಾಕ್ಷಿಗೆ ಮಣೂಕ ಎನ್ನುವುದೇ ರೂಢಿ.

ಮಾವನ ತೋಟದ ದ್ರಾಕ್ಷಿ ಶೆಡ್ಡನ್ನು ನಾನು ಒಂದು ಮಾರ್ಚಿನಲ್ಲಿ ನೋಡಿದ್ದೇನೆ. ದೂರದಿಂದ ನೋಡಿದರೆ ಹಸಿರು ಪರದೆ ಇಳಿಬಿಟ್ಟ ಉದ್ದನೆಯ ಚಪ್ಪರ. ಒಳಗೆ ಹೋದರೆ ಹತ್ತಾರು ಅಂತಸ್ತಿನ ಜಾಳಿಗೆ, ಪ್ರತಿ ಜಾಳಿಗೆಯ ಮೇಲೂ ಹರಡಿದ ಗೊಂಚಲು. ಕೊಯ್ದ ದ್ರಾಕ್ಷಿಯನ್ನು ಮೊದಲು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಹಣ್ಣಿನ ಮೇಲಿನ ಮೇಣದ ಪದರ ಸಡಿಲಾಗಿ ಒಳಗಿನ ನೀರು ಬೇಗ ಹೊರಟುಹೋಗಲೆಂದು. ಆಮೇಲೆ ಎರಡು ವಾರದಷ್ಟು ಕಾಲ ನೆರಳು ಮತ್ತು ಬಿಸಿಗಾಳಿ, ಎರಡೇ ಕೆಲಸ ಮಾಡುತ್ತವೆ. ನಾಲ್ಕು ಕಿಲೊ ಹಣ್ಣು ಒಣಗಿ ಒಂದು ಕಿಲೊ ಮಣೂಕವಾಗುತ್ತದೆ. ಶೆಡ್ಡಿನ ಒಳಗಿನ ವಾಸನೆ ಹೇಳಲು ಕಷ್ಟ. ಬೆಲ್ಲದ ಆಲೆಮನೆಗೂ ಹುಣಸೆಹಣ್ಣಿನ ಗಡಿಗೆಗೂ ನಡುವಿನದು. ಆ ದಿನ ಪಡುವಣ ಮೂಲೆಯಲ್ಲಿ ಒಂದು ಮೋಡ ಕಂಡು ಮಾವ ಉಣ್ಣುವ ತಾಟು ಬಿಟ್ಟು ಎದ್ದು ಓಡಿದ್ದು ನೆನಪಿದೆ. ಆ ಹದಿನೈದು ದಿನದಲ್ಲಿ ಒಂದು ಅಕಾಲದ ಮಳೆ ಬಂದರೆ ಹಳದಿ ಹಸಿರಾಗಬೇಕಾದ ಮಾಲು ಕಪ್ಪಾಗುತ್ತದೆ. ಸಾಂಗ್ಲಿ, ತಾಸಗಾಂವದ ಪೇಟೆಯಲ್ಲಿ ಬಣ್ಣ ನೋಡಿಯೇ ದರ ಕೂಗುತ್ತಾರೆ. ವರ್ಷದ ದುಡಿಮೆ ಒಂದು ಮೋಡದ ಮರ್ಜಿಯಲ್ಲಿರುತ್ತದೆ. ಮಣೂಕವನ್ನು ನಾಲ್ಕೇ ಬೆರಳಿನಲ್ಲಿ ಎತ್ತಿ ಬಾಯಿಗೆ ಹಾಕುವಾಗ ನನಗೆ ಅರ್ಧ ಉಂಡ ಆ ತಾಟು ಕಣ್ಣ ಮುಂದೆ ಬರುತ್ತದೆ.

ಲಿಂಬೆಯ ಮಾತು ಬೇರೆ. ಇಂಡಿ ಲಿಂಬೆಗೆ ಈಗ ಭೌಗೋಳಿಕ ಸೂಚಿಯ ಮಾನ್ಯತೆ ಬಂದಿದೆ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ತೆಳ್ಳನೆಯ ತೊಗಟೆ, ಹಿಂಡಿದರೆ ಕೈ ತುಂಬ ರಸ. ಚೀಲ ಬಿಚ್ಚಿದ ಕೂಡಲೇ ಅಡುಗೆಮನೆಯ ಹೊಗೆ ವಾಸನೆಯೆಲ್ಲ ಹಿಂದೆ ಸರಿಯಿತು.

ಎಣ್ಣೆ ಮುದ್ದೇಬಿಹಾಳದ ಚಿಗವ್ವನದು. ಅವಳ ಹೊಲ ಡೋಣಿ ಸಾಲಿನ ಎರೆಭೂಮಿಯಲ್ಲಿದೆ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಆ ಭೂಮಿಗೇ. ಉಪ್ಪುನೀರಿನ ನದಿ, ಆದರೆ ಅದರ ದಂಡೆಯ ಕರಿ ಮಣ್ಣು ಒಮ್ಮೆ ನೀರು ಕುಡಿದರೆ ಮಾಗಿ ಮುಗಿಯುವವರೆಗೂ ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿ ಜೋಳದ ಸುತ್ತ ಕುಸುಬಿ ಹಾಕುತ್ತಾರೆ. ಕುಸುಬಿಯ ಗಿಡಕ್ಕೆ ಮೈ ತುಂಬ ಮುಳ್ಳು, ದನ ಒಳಗೆ ಬರುವುದಿಲ್ಲ. ಬೇಲಿಯೂ ಆಯಿತು, ಅಡುಗೆಗೆ ಎಣ್ಣೆಯೂ ಆಯಿತು. ಹೂವಿನ ಕಾಲದಲ್ಲಿ ಹೊಲದ ಅಂಚಿಗೆಲ್ಲ ಕಿತ್ತಳೆ ಹಳದಿ ಕಸೂತಿ ಹಾಕಿದ ಹಾಗೆ ಕಾಣುತ್ತದೆ. ಚಿಗವ್ವ ಕಳಿಸಿದ ಎರಡು ಲೀಟರಿನ ಡಬ್ಬಿಯ ಬಿರಡೆ ತೆಗೆದು ಮೂಸಿದ ಮಗಳು ‘ಇದಕ್ಕ ಕಾಳಿನ ವಾಸನಿ ಐತಿ’ ಅಂದಳು. ಹೌದು, ಗಾಣದ ಕುಸುಬಿ ಎಣ್ಣೆಗೆ ಕಾಳಿನ ವಾಸನೆ ಇರುತ್ತದೆ. ಸುಟ್ಟರೆ ಹೋಗುತ್ತದೆ, ಬೆಚ್ಚಗಾದರೆ ಏಳುತ್ತದೆ.

ಮೊದಲ ಸಲ ಮಗಳು ತನಗೆ ಗೊತ್ತಿದ್ದ ರೀತಿಯಲ್ಲೇ ಮಾಡಿದಳು. ಅಳ್ಳು, ಜೋಳದ ಅವಲಕ್ಕಿ, ಶೇಂಗಾ, ಬೀಜ ಎಲ್ಲವನ್ನೂ ದೊಡ್ಡ ಬುಟ್ಟಿಯಲ್ಲಿ ಹಾಕಿ, ಎಣ್ಣೆ ಮತ್ತು ಕರಗಿಸಿದ ಬೆಲ್ಲ ಸುರಿದು ಕಲಸಿದಳು. ಓಟ್ಸ್ ಇದ್ದಿದ್ದರೆ ಅದು ತಡೆದುಕೊಳ್ಳುತ್ತಿತ್ತು. 150 ಡಿಗ್ರಿಯ ಓವನ್ನಿನಲ್ಲಿ ಅರ್ಧ ಗಂಟೆ ಇಟ್ಟರೆ ನೀರೆಲ್ಲ ಹೋಗಿ ಗರಿಗರಿಯಾಗುತ್ತಿತ್ತು. ಅಳ್ಳಿಗೆ ಆ ತಾಳ್ಮೆ ಇಲ್ಲ. ಅದು ಹೂವು. ಬೆಲ್ಲದ ನೀರು ಬಿದ್ದ ಕಡೆಯೆಲ್ಲ ಕುಗ್ಗಿ, ಮುದ್ದೆಯಾಗಿ, ಬುಟ್ಟಿಯ ತಳಕ್ಕೆ ಹಿಡಿದುಕೊಂಡಿತು. ಮಗಳ ಮುಖವೂ ಹಾಗೇ ಕುಗ್ಗಿತು.

ಅವ್ವ ಏನೂ ಅನ್ನಲಿಲ್ಲ. ಬುಟ್ಟಿ ಹತ್ತಿರ ಎಳೆದುಕೊಂಡು, ಮೇಲೆ ಒಂದಿಷ್ಟು ಪುಠಾಣಿ ಹಿಟ್ಟು ಉದುರಿಸಿ, ಏಲಕ್ಕಿ ಕುಟ್ಟಿ ಹಾಕಿ, ಕೈಗೆ ತುಪ್ಪ ಸವರಿಕೊಂಡು ಉಂಡಿ ಕಟ್ಟಿದಳು. ಇಪ್ಪತ್ತಮೂರು ಉಂಡಿ ಆದವು. ಜೋಕಾಲಿಯ ಹುಡುಗರು ಮಳೆಗೆ ಒಳಗೆ ಬಂದವರು ನಿಂತಲ್ಲೇ ಅರ್ಧ ಖಾಲಿ ಮಾಡಿದರು. ಪಂಚಮಿಯ ಮನೆಯಲ್ಲಿ ಕೆಟ್ಟುಹೋಗುವುದು ಎಂಬುದೇ ಇಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ಅಳ್ಳಿಟ್ಟಿನ ಉಂಡಿಯ ಸಾಲಿನಲ್ಲಿ ಆ ವರ್ಷ ಇನ್ನೊಂದು ಉಂಡಿ ಸೇರಿತು.

‘ನಾಳಿ ಮುಂಜಾನೆ ಮತ್ತ ಮಾಡೋಣ. ಒಲಿ ನಾ ನೋಡತೀನಿ, ಕೈ ನೀ ಆಡಸು’ ಅಂದಳು ಅವ್ವ. ಪಂಚಮಿಯ ದಿನ ಒಲೆಯ ಮೇಲೆ ಹಂಚಿಡುವುದಿಲ್ಲ ಎಂಬ ನಡೆ ನಮ್ಮ ಮನೆಯಲ್ಲಿದೆ. ಹುರಿಯುವುದೇನಿದ್ದರೂ ಅದಕ್ಕೆ ಮೊದಲೇ ಮುಗಿಯಬೇಕು.

ಮರುದಿನ ಒಲೆಗೆ ತೊಗರಿ ಕಟ್ಟಿಗೆ ಬೀಳಲಿಲ್ಲ. ತೊಗರಿ ಕಟ್ಟಿಗೆ ಭುಗ್ಗೆಂದು ಉರಿಯುತ್ತದೆ, ಅಳ್ಳಿಗೆ ಅದೇ ಬೇಕು. ನಿಧಾನದ ಹುರಿತಕ್ಕೆ ಕುಳ್ಳು. ಎರಡು ಕುಳ್ಳು ಮುರಿದು ಹೊತ್ತಿಸಿ, ಉರಿ ಆರಿ ಬರೀ ಕೆಂಡ ಉಳಿಯುವವರೆಗೆ ಕಾದಳು. ಕೆಂಡದ ಮೇಲೆ ಬೂದಿಯ ತೆಳು ಹೊದಿಕೆ ಬಂದ ಮೇಲೆ ದಪ್ಪ ತಳದ ಕಡಾಯಿ ಇಟ್ಟಳು.

ಒಂದೊಂದನ್ನೇ ಬೇರೆ ಬೇರೆ ಹುರಿಯಬೇಕು ಎಂಬುದು ಅವಳ ಮೊದಲ ಕಟ್ಟಳೆ. ‘ಎಲ್ಲಾರೂ ಒಮ್ಮೆಗೇ ಹಣ್ಣಾಗಂಗಿಲ್ಲವಾ’ ಅಂದಳು. ಒಂದು ಬಟ್ಟಲು ಶೇಂಗಾ ಮೊದಲು ಬಿತ್ತು. ಸಿಪ್ಪೆಯ ಮೇಲೆ ಕಪ್ಪು ಚುಕ್ಕಿ ಬಿದ್ದು, ಬೆರಳಿಗೆ ತಿಕ್ಕಿದರೆ ಸಿಪ್ಪೆ ಬಿಡುವವರೆಗೆ ಆಡಿಸಿದೆವು. ಅದನ್ನು ಮೊರದಲ್ಲಿ ಕೇರಿ ಅರ್ಧ ಮಾಡಿಟ್ಟಾಯಿತು. ಎರಡು ಬಟ್ಟಲು ಜೋಳದ ಅವಲಕ್ಕಿ ಆಮೇಲೆ. ಅದು ಗರಿಯಾದದ್ದು ಕಣ್ಣಿಗೆ ಕಾಣುವುದಿಲ್ಲ, ಕಡಾಯಿಯ ತಳಕ್ಕೆ ತಾಗುವ ಸಪ್ಪಳ ಸಣ್ಣದಾಗುತ್ತದೆ, ಒಣ ಎಲೆಯ ಹಾಗೆ. ಕುಂಬಳದ ಬೀಜ ಕಾಲು ಬಟ್ಟಲು. ಅವು ಉಬ್ಬಿ ಒಂದೊಂದಾಗಿ ನೆಗೆಯುತ್ತವೆ. ಎಳ್ಳು ಕಾಲು ಬಟ್ಟಲು, ಅಗಸಿ ಎರಡು ಚಮಚ. ಎಳ್ಳು ಚಿಟಪಟ ಎಂದ ಕೂಡಲೇ ಇಳಿಸದಿದ್ದರೆ ಕಹಿಯಾಗುತ್ತದೆ. ಹೆರೆದ ಒಣ ಕೊಬ್ಬರಿ ಅರ್ಧ ಬಟ್ಟಲು, ಅದಕ್ಕೆ ಬರೀ ಕಡಾಯಿಯ ಕಾವು ಸಾಕು. ಕೊನೆಗೆ ನಾಲ್ಕು ಬಟ್ಟಲು ಅಳ್ಳನ್ನೂ ಎರಡು ನಿಮಿಷ ಬೆಚ್ಚಗೆ ಮಾಡಿದೆವು. ಮಳೆಗಾಲದ ಗಾಳಿಯಲ್ಲಿ ಅದು ರಾತ್ರಿಯೇ ಸ್ವಲ್ಪ ಮೆತ್ತಗಾಗಿತ್ತು. ಬೇಸಿಗೆಯಾಗಿದ್ದರೆ ಆ ಕೆಲಸವಿರಲಿಲ್ಲ. ನಲವತ್ತು ಡಿಗ್ರಿ ದಾಟುವ ನಮ್ಮ ಏಪ್ರಿಲ್ಲಿನಲ್ಲಿ ಹಪ್ಪಳ, ಶಂಡಿಗಿ, ಅಳ್ಳು, ಮಣೂಕ ಎಲ್ಲಕ್ಕೂ ಗಾಳಿಯೇ ಒಲೆ.

ಹುರಿತಕ್ಕೆ ಗಡಿಯಾರ ಇಲ್ಲ. ಮಗಳು ಒಂದೆರಡು ಸಲ ಫೋನಿನಲ್ಲಿ ನಿಮಿಷ ನೋಡಿ ಬರೆದುಕೊಳ್ಳಲು ಹೋದಳು. ಅವ್ವ ಅವಳ ಕೈ ಹಿಡಿದು ಕಡಾಯಿಯ ಮೇಲಿನ ಹಬೆಗೆ ಒಡ್ಡಿದಳು. ‘ಮೊದಲ ಹಸೀ ವಾಸನಿ ಬರತೈತಿ. ಆಮ್ಯಾಲ ಏನೂ ಬರಂಗಿಲ್ಲ, ಸುಮ್ಮನ ಇರತೈತಿ. ಆಮ್ಯಾಲ ಘಮ್ ಅಂತೈತಿ. ಘಮ್ ಅಂದಕೂಡಲೇ ಇಳಸು. ಅದರ ಮುಂದಿಂದು ಸುಡೋ ವಾಸನಿ, ಅದು ಬಂದಮ್ಯಾಲ ತಿಳದು ಏನು ಮಾಡತಿ?’ ಆ ನಡುವಿನ ಸುಮ್ಮನಿರುವ ಹೊತ್ತು ನನಗೂ ಅದುವರೆಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಹುರಿದಿದ್ದೇನೆ, ಅದನ್ನು ಹಾದುಹೋಗಿದ್ದೇನೆ, ಗುರುತಿಸಿರಲಿಲ್ಲ.

ಆಗ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರು ನಮ್ಮ ಸೀಮೆಯ ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಹೊರತಂದರು. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಆ ಗೆಳೆಯರಲ್ಲಿದ್ದರು. ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡುಗಳು ಅಲ್ಲಿ ಎಷ್ಟೋ ಇವೆ. ಬೀಸುವಾಗ ಹಾಡಬಹುದು, ಕಲ್ಲು ತಾನೇ ತಾಳ ಹಾಕುತ್ತದೆ. ಹುರಿಯುವಾಗ ಹಾಡಲು ಬರುವುದಿಲ್ಲ. ಕಿವಿ ಕಡಾಯಿಗೆ, ಮೂಗು ಹಬೆಗೆ, ಕಣ್ಣು ಕೆಂಡಕ್ಕೆ. ಅದಕ್ಕೇ ಇರಬೇಕು, ಈ ವಿದ್ಯೆ ಹಾಡಿನೊಳಗೆ ಸೇರದೆ ಪಕ್ಕದಲ್ಲಿ ಕೂತವರ ಕೈಗೆ ಮಾತ್ರ ದಾಟಿದೆ. ಪಕ್ಕದಲ್ಲಿ ಯಾರೂ ಕೂರದ ವರ್ಷ ಅದು ಅಲ್ಲೇ ನಿಲ್ಲುತ್ತದೆ. ನನಗೆ ಆ ಬೆಳಿಗ್ಗೆ ಮತ್ತೆ ಮತ್ತೆ ಬಂದ ಕಳವಳ ಇದೇ.

ಬೆಲ್ಲ ಮಹಾಲಿಂಗಪುರದ್ದು. ಮುಕ್ಕಾಲು ಬಟ್ಟಲು ಪುಡಿಗೆ ಎರಡು ಚಮಚ ನೀರು ಮಾತ್ರ ಹಾಕಿ ಕರಗಿಸಿ, ಕಸ ಸೋಸಿ, ಮೂರು ಚಮಚ ಕುಸುಬಿ ಎಣ್ಣೆ, ಒಂದು ಚಿಟಿಕೆ ಉಪ್ಪು ಹಾಕಿದೆವು. ನೊರೆ ಎದ್ದು ಬಣ್ಣ ಕೆಂಪಗಾಗುತ್ತ ಬಂದಾಗ ಅವ್ವ ಅರ್ಧ ಲಿಂಬೆ ಹಿಂಡಿದಳು. ಪಾಕ ಸಕ್ಕರೆಗಟ್ಟದಿರಲೆಂದು. ಹುಳಿ ಬಿದ್ದರೆ ಸಕ್ಕರೆಯ ಒಂದಂಶ ಒಡೆದು ಹರಳುಗಟ್ಟುವ ಗುಣ ಕಳೆದುಕೊಳ್ಳುತ್ತದೆ ಎಂದು ರಸಾಯನಶಾಸ್ತ್ರ ಹೇಳುತ್ತದೆ. ಅವ್ವ ‘ಲಿಂಬಿ ಬಿದ್ದರ ಪಾಕ ಮಾತು ಕೇಳತೈತಿ’ ಅನ್ನುತ್ತಾಳೆ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ನೋಡಿದಳು. ಮೊದಲ ಹನಿ ಹರಡಿತು. ಎರಡನೆಯದು ಬೆರಳಿಗೆ ಮೆತ್ತಗೆ ಉಂಡೆಯಾಯಿತು. ನಿನ್ನೆ ಮಗಳು ನಿಲ್ಲಿಸಿದ್ದು ಇದಕ್ಕಿಂತಲೂ ಬಹಳ ಮೊದಲೇ. ಮೂರನೆಯದು ಬಟ್ಟಲಿನ ತಳಕ್ಕೆ ಟಣ್ ಎಂದು ಬಡಿಯಿತು.

‘ಈಗ ಹಾಕು. ಜಲ್ದಿ.’

ಅಳ್ಳು ಮೊದಲು ಹೋಗಲಿಲ್ಲ. ಅವಲಕ್ಕಿ, ಶೇಂಗಾ, ಬೀಜ ಹೋದವು. ಪಾಕದ ಬಹುಪಾಲನ್ನು ಅವು ಹೀರಿಕೊಂಡ ಮೇಲೆ ಕಡಾಯಿಯನ್ನು ಕೆಂಡದಿಂದ ಪಕ್ಕಕ್ಕೆ ಸರಿಸಿ, ಏಲಕ್ಕಿ, ಒಣಶುಂಠಿಯ ಪುಡಿ ಉದುರಿಸಿ, ಕಡೆಗೆ ಅಳ್ಳು. ಎರಡು ಹುಟ್ಟು ಹಿಡಿದು ಮಗಳು ಕೆಳಗಿನಿಂದ ಮೇಲಕ್ಕೆ ಎತ್ತಿ ಎತ್ತಿ ಹಾಕಿದಳು. ಹೂವು ಮುರಿಯಬಾರದು, ಪಾಕವೂ ಒಂದೆಡೆ ನಿಲ್ಲಬಾರದು. ಅವಳ ಹಣೆಯ ಮೇಲೆ ಬೆವರು, ಕೆನ್ನೆಗೆ ಬೂದಿ. ಮತ್ತೆ ಕೆಂಡದ ಮೇಲಿಟ್ಟು ಹತ್ತು ಹದಿನೈದು ನಿಮಿಷ ಬಿಡದೆ ಆಡಿಸಿದಳು. ಅಂಟಂಟಾಗಿದ್ದದ್ದು ಬಿಡಿಬಿಡಿಯಾಯಿತು. ಅಳ್ಳಿನ ಬಿಳಿಯ ಮೇಲೆ ತೆಳ್ಳನೆಯ ಹೊನ್ನಿನ ಬಣ್ಣ ಬಂತು. ಇಳಿಸಿದಾಗ ಬಾಯಿಗೆ ಹಾಕಿ ನೋಡಿ ‘ಇನ್ನೂ ಮೆತ್ತಗೈತಿ ಆಯಿ’ ಎಂದು ಹೆದರಿದಳು.

‘ಆರಲಿ. ಬಿಸಿದಾಗ ಬೆಲ್ಲ ನೀರಿನ್ಹಂಗ, ಆರಿದಮ್ಯಾಲ ಕಲ್ಲಿನ್ಹಂಗ.’

ದೊಡ್ಡ ತಾಟಿನಲ್ಲಿ ಹರಡಿದೆವು. ಮಣೂಕ ಆಗ ಬಿತ್ತು, ಒಲೆಯಿಂದ ಪೂರ್ತಿ ಇಳಿದ ಮೇಲೆ. ಕಾವಿಗೆ ಸಿಕ್ಕರೆ ಅದು ಮೊದಲು ಉಬ್ಬಿ, ಆಮೇಲೆ ಮುಳ್ಳಿನಷ್ಟು ಗಟ್ಟಿಯಾಗುತ್ತದೆ. ಅರ್ಧ ಗಂಟೆ ಯಾರೂ ಮುಟ್ಟಲಿಲ್ಲ. ಮಳೆ ನಿಂತು ಜೋಕಾಲಿ ಜೀಕುವ ಹುಡುಗಿಯರ ಕೂಗು ಕೇಳುತ್ತಿತ್ತು. ತಾಟಿನಿಂದ ಆಗಾಗ ಟಿಕ್ ಟಿಕ್ ಎಂದು ಸಣ್ಣ ಸದ್ದು. ಬೆಲ್ಲ ಬಿಗಿಯುವ ಸದ್ದು ಅದು. ಆರಿದ ಮೇಲೆ ಮುರಿದರೆ ಗಾಜಿನಂತೆ ಮುರಿಯಿತು.

ಮೊಸರು ಕೊಲ್ಹಾರದ್ದೇ ಆಗಬೇಕೆಂದು ಅಣ್ಣ ಹಟ ಹಿಡಿದಿದ್ದ. ಬಸವನ ಬಾಗೇವಾಡಿಯಲ್ಲಿ ಯಾವುದೋ ಕೆಲಸವಿತ್ತು, ಬಸವೇಶ್ವರ ಗುಡಿಗೆ ಕೈಮುಗಿದು, ಅಲ್ಲಿಂದ ಕೊಲ್ಹಾರಕ್ಕೆ ಹೋಗಿ ಎರಡು ಗಡಿಗೆ ಹಿಡಿದುಕೊಂಡು ಮಧ್ಯಾಹ್ನ ತಿರುಗಿ ಬಂದ. ಕೊಲ್ಹಾರ ಮೊನ್ನೆಮೊನ್ನೆಯವರೆಗೆ ಬಾಗೇವಾಡಿ ತಾಲ್ಲೂಕಿನಲ್ಲೇ ಇತ್ತು, ಈಗ ತಾನೇ ಒಂದು ತಾಲ್ಲೂಕು. ಹಳೆಯ ಕೊಲ್ಹಾರ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟೆ ಅದು. ಊರು ಮೇಲಕ್ಕೆ ಎದ್ದು ಬಂದಾಗ ಮನೆ, ಗುಡಿ, ಹೊಲ ಎಲ್ಲ ಕೆಳಗೆ ಉಳಿದವು. ಮೊಸರು ಮಾತ್ರ ಜೊತೆಗೆ ಬಂತು. ಎಮ್ಮೆಯ ಹಾಲನ್ನು ಕಾಯಿಸಿ ಕಾಯಿಸಿ ಗಟ್ಟಿ ಮಾಡಿ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕುತ್ತಾರೆ. ಉಳಿದ ನೀರನ್ನು ಗಡಿಗೆಯ ಮಣ್ಣೇ ಕುಡಿಯುತ್ತದೆ. ಗಡಿಗೆ ಬಾಗಿಸಿದರೂ ಮೊಸರು ಅಲುಗುವುದಿಲ್ಲ. ಕೃಷ್ಣೆಯ ಉದ್ದನೆಯ ಸೇತುವೆ ದಾಟುವ ಬಸ್ಸು, ಲಾರಿಗಳು ಅಲ್ಲಿ ನಿಲ್ಲುವುದು ಅದಕ್ಕಾಗಿಯೇ.

ಆ ಮೊಸರನ್ನು ಬಟ್ಟಲಿಗೆ ಹಾಕಿ, ಮೇಲೆ ಒಂದು ಹಿಡಿ ಹೊಸ ತಿನಿಸು ಉದುರಿಸಿಕೊಂಡು ಜಗಲಿಯ ಮೇಲೆ ಎಲ್ಲರೂ ಸಾಲಾಗಿ ಕೂತೆವು. ಮಾವ, ಅಣ್ಣ, ವೈನಿ, ಹುಡುಗರು. ಮೊದಲು ಮೊಸರಿನ ತಂಪು, ಆಮೇಲೆ ಬೆಲ್ಲ ಹಲ್ಲಿಗೆ ಸಿಕ್ಕು ಮುರಿಯುವುದು, ಆಮೇಲೆ ಶೇಂಗಾದ ಎಣ್ಣೆ ಜಿಡ್ಡು, ಕಡೆಗೆ ಎಲ್ಲೋ ಒಂದು ಮಣೂಕದ ಹುಳಿಸಿಹಿ. ಅಳ್ಳು ಮಾತ್ರ ನಾಲಿಗೆಗೆ ತಾಗಿದ್ದೇ ಕರಗಿಹೋಗುತ್ತಿತ್ತು. ಓಟ್ಸಿಗೆ ಆ ಗುಣವಿಲ್ಲ. ನನಗಂತೂ ಪೊಟ್ಟಣದ್ದಕ್ಕಿಂತ ಇದೇ ಮೇಲು ಅನ್ನಿಸಿತು, ತವರಿನ ಅಭಿಮಾನಕ್ಕೆ ಹೇಳುತ್ತಿಲ್ಲ.

‘ಗುಳೇ ಹೋಗವರ ಬುತ್ತಿಗೆ ಇದು ಚಲೋ ಆಕ್ಕಿತ್ತು’ ಅಂದ ಮಾವ, ಬಟ್ಟಲ ತಳ ಕೆರೆಯುತ್ತ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಯಾವ ಬಸ್ ನಿಲ್ದಾಣದಲ್ಲಿ ನಿಂತರೂ ಸುಗ್ಗಿ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿ ಗೋವೆಗೋ ಮಂಗಳೂರಿಗೋ ಪುಣೆಗೋ ಹೊರಟ ಕುಟುಂಬಗಳು ಕಣ್ಣಿಗೆ ಬೀಳುತ್ತವೆ. ಆ ಗಂಟುಗಳಲ್ಲಿ ಖಟಿ ರೊಟ್ಟಿ ಇರುತ್ತದೆ, ಶೇಂಗಾ ಹಿಂಡಿ ಇರುತ್ತದೆ, ಅಳ್ಳಿಟ್ಟು ಇರುತ್ತದೆ. ವಾರಗಟ್ಟಲೆ ಕೆಡದ ಊಟವನ್ನು ನಮ್ಮ ಹೆಂಗಸರು ಕಂಡುಹಿಡಿದದ್ದು ಬೆಳಗಿನ ಹೊತ್ತು ಉಳಿಸಲಿಕ್ಕಲ್ಲ. ಮಳೆ ಕಡಿಮೆ ಬೀಳುವ, ಬಿದ್ದರೂ ನಂಬಲಾಗದ ನೆಲದಲ್ಲಿ ಮನೆಬಿಟ್ಟು ಹೊರಟವರು ದಾರಿಯಲ್ಲಿ ಉಪವಾಸ ಬೀಳದಿರಲಿ ಎಂದು. ಅಳ್ಳಿಟ್ಟಿಗೆ ಒಲೆ ಬೇಡ. ಬೆಲ್ಲ, ನೀರು ಸಿಕ್ಕರೆ ಗುಡಿಯ ಕಟ್ಟೆಯ ಮೇಲೂ ಊಟವಾಗುತ್ತದೆ. ನನ್ನ ಮಗಳೂ ಕೆಲಸ ಹುಡುಕಿ ಊರು ಬಿಟ್ಟವಳೇ. ಅವಳ ಬಸ್ಸು ಮೆತ್ತನೆಯದು, ಅಷ್ಟೇ ಫರಕು.

ಪಂಚಮಿ ಮುಗಿದ ಮರುದಿನ ಸಂಜೆ ಅವಳು ಹೊರಟಳು. ವೈನಿ ಎರಡು ಕಿಲೊದ ಸ್ಟೀಲ್ ಡಬ್ಬಿ ತೊಳೆದು, ಒಲೆಯ ಪಕ್ಕ ಇಟ್ಟು ಒಣಗಿಸಿ, ಒಳಗೆ ಕಾಗದ ಹಾಸಿ ತುಂಬಿಸಿದರು. ಮುಚ್ಚಳದ ಸುತ್ತ ಅರಿವೆಯ ಪಟ್ಟಿ ಬಿಗಿದರು. ಇನ್ನೊಂದು ಸಣ್ಣ ಗಂಟನ್ನು ಅವ್ವ ಮೊಮ್ಮಗಳ ಚೀಲಕ್ಕೆ ತಾನೇ ತುರುಕಿದಳು. ಒಂದು ಸೇರು ಅಳ್ಳಿನ ಜೋಳ. ‘ಗ್ಯಾಸಿನ ಮ್ಯಾಲೂ ಅರಳತಾವು. ರಾತ್ರೀನ ನೀರು ಚಿಮಕಸು, ಮರೀಬ್ಯಾಡ.’

‘ಘಮ್ ಅಂದಕೂಡಲೇ ಇಳಸಬೇಕು, ಹೌದಿಲ್ಲಾಯಿ?’

‘ಅದು ಅವಲಕ್ಕಿಗೆ, ಶೇಂಗಾಕ್ಕ. ಅಳ್ಳಿಗೆ ಕಿವಿಯಿಂದ ನೋಡು.’

ಬಸ್ಸು ಹತ್ತಿಸಿ ಬರುವಷ್ಟರಲ್ಲಿ ಕತ್ತಲಾಗಿತ್ತು. ಅಡುಗೆಮನೆಯಿಂದ ಕುಟ್ಟುವ ಸದ್ದು ಬರುತ್ತಿತ್ತು. ತಾಟಿನ ತಳದಲ್ಲಿ ಉಳಿದಿದ್ದ ಪುಡಿ, ಚೂರುಗಳನ್ನೆಲ್ಲ ಬಳಿದು ಅವ್ವ ಒರಳಿಗೆ ಹಾಕಿಕೊಂಡು ಕೂತಿದ್ದಳು. ಮೊನ್ನೆ ಜಗಲಿಯ ಮೇಲೆ ನಮ್ಮೆಲ್ಲರ ಬಟ್ಟಲಿಗೂ ಬಡಿಸಿದವಳು ತಾನು ಬರೀ ಮೊಸರು ಉಂಡಿದ್ದಳು ಎಂಬುದು ಆಗ ನನಗೆ ಹೊಳೆಯಿತು. ಅಳ್ಳು, ಶೇಂಗಾ, ಎಳ್ಳು, ಮಣೂಕ, ಬೆಲ್ಲ ಎಲ್ಲ ಕೂಡಿ ನುಣ್ಣಗೆ ಅಳ್ಳಿಟ್ಟಾಗಿತ್ತು. ಗಡಿಗೆಯಲ್ಲಿ ಉಳಿದ ಕೊಲ್ಹಾರದ ಮೊಸರನ್ನು ಅದಕ್ಕೆ ಹಾಕಿ, ಮೂರು ಬೆರಳಲ್ಲಿ ಕಲಸಿ, ಮೊದಲ ತುತ್ತು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿ ನಿಧಾನಕ್ಕೆ ನುಂಗಿ, ಎರಡನೆಯ ತುತ್ತನ್ನು ನನ್ನ ಕಡೆ ಚಾಚಿದಳು.